ಹುಲ್ಲಿನ ಮೆದೆಯಲ್ಲಿ ಮುದ್ದಮ್ಮನ ಈಳಿಗೆಮಣೆ

ಬೆಳಕು ಹರಿಯುವ ಮುನ್ನವೇ ಮುದ್ದಮ್ಮ ಹೆಮ್ಮರಗಾಲದ ಹಳೇ ಹೆಂಚಿನ ಮನೆಯ ಬಾಗಿಲು ತೆರೆಯುತ್ತಾರೆ. ಸಿನಿಮಾ ತಂಡವೊಂದು ಶೂಟಿಂಗಿಗೆಂದು ಬಾಡಿಗೆಗೆ ಹಿಡಿದಿರುವ ಮನೆ ಅದು. ಹೀರೋಯಿನ್ ಕಾಲಿಗೆ ಧೂಳು ಮೆತ್ತದಂತೆ ನೆಲ ಸಾರಿಸುವುದು, ಹೀರೋ ಎಸೆದು ಒಡೆದ ಗಡಿಗೆಯ ಚೂರು ಆಯುವುದು, ತಂಡದವರೆಲ್ಲ ಕುಡಿದಿಟ್ಟ ಟೀ ಲೋಟ ತೊಳೆಯುವುದು ಇವರ ಕೆಲಸ. ಪೋಸ್ಟರಿನಲ್ಲಿ ಇವರ ಹೆಸರು ಬರುವುದಿಲ್ಲ.

ಕುಡುಕ ಗಂಡ, ಸಹಿಸಿ ಸಹಿಸಿ ಸಾಕಾದ ಹೆಂಡತಿ, ಇಷ್ಟೇ ಸಿನಿಮಾದ ಕಥೆ. ಕೇಳಿದಾಗ ಮುದ್ದಮ್ಮನಿಗೆ ನಗು ಬಂತಂತೆ. "ಇದ್ನ ನೋಡಾಕೂ ಟಿಕೀಟ್ ತಗತಾರಾ ಸಾ? ನಮ್ ಬೀದೀಲಿ ಬಿಟ್ಟಿ ತೋರಿಸ್ತಿದ್ರು."

ಅವರ ಗಂಡ ನಾಗಯ್ಯ ಒಂದು ಕಾಲಕ್ಕೆ ಹುಲ್ಲಹಳ್ಳಿ ಸಂತೆಗೆ ಹೋದರೆ ತೂರಾಡಿಕೊಂಡೇ ಮರಳುತ್ತಿದ್ದ ಮನುಷ್ಯ. ಕುಡಿದಾಗ ಕೈಗೆ ಸಿಕ್ಕಿದ್ದೇ ಆಯುಧ. ಮುದ್ದಮ್ಮನ ಮುಂಗೈ ಮೇಲೆ ಆ ಕಾಲದ ಗೀರು ಇವತ್ತಿಗೂ ಇದೆ. ಮಗಳು ಕವನಳ ಮದುವೆಯಾದ ವರ್ಷ ಕುಡಿತ ಬಿಟ್ಟವರು ಮತ್ತೆ ಮುಟ್ಟಿಲ್ಲ. ಈಗ ಸಂಜೆಯಾದರೆ ಸೈಕಲ್ ತಂದು ಶೂಟಿಂಗ್ ಮನೆಯ ಜಗಲಿಯಲ್ಲಿ ಹೆಂಡತಿಗಾಗಿ ಕಾಯುತ್ತಾರೆ. ಪೀಡೆ ತೊಲಗಿತು ಎಂದೇ ಇಬ್ಬರೂ ತಿಳಿದಿದ್ದರು.

ಕಳೆದ ವಾರ ಹೀರೋ ಕುಡಿದು ಬಂದು, ಅಡುಗೆಮನೆಯ ಮೂಲೆಯಲ್ಲಿದ್ದ ಈಳಿಗೆಮಣೆ ಎತ್ತುವ ಸೀನು. ಕ್ಯಾಮೆರಾ ಓಡಿತು, ಹೀರೋ ಬಗ್ಗಿದ, ಮೂಲೆ ಖಾಲಿ. ನಿರ್ದೇಶಕ ಮದನ್ ಸಹಾಯಕರ ಮೇಲೆ ಹರಿಹಾಯ್ದರು. ಅಷ್ಟರಲ್ಲಿ ಮುದ್ದಮ್ಮ ಹಿತ್ತಿಲಿಗೆ ಓಡಿ, ಹುಲ್ಲಿನ ಮೆದೆಯೊಳಗೆ ಕೈ ಹಾಕಿ ಈಳಿಗೆಮಣೆ ಎಳೆದು ತಂದರು. ಹಿಂದೆಯೇ ಒನಕೆಯನ್ನೂ ತಂದರು.

"ತಪ್ಪಾಯ್ತು ಸಾ, ನಾನೇ ಮಡಗಿದ್ದು. ಒತ್ತು ಮುಳುಗ್ತಾ ಬಂತಲ್ಲ, ಗ್ಯಾನವೇ ಇಲ್ದೆ ಎತ್ಬುಟ್ಟೆ."

ಎಲ್ಲರಿಗಿಂತ ದಂಗಾದವರು ಮುದ್ದಮ್ಮನೇ. ಸುಳ್ಳು ಸಂಸಾರ, ಸುಳ್ಳು ಕುಡುಕ. ಬಾಟಲಿಗೆ ಬೆಲ್ಲದ ನೀರು ಕಲಸಿ ತುಂಬಿದವರೂ ಇವರೇ. ಆದರೂ ಸಂಜೆಯಾದರೆ ಇಂಥವನ್ನೆಲ್ಲ ಬಚ್ಚಿಟ್ಟು ರೂಢಿಯಾದ ಕೈ ತನ್ನ ಪಾಡಿಗೆ ತಾನು ಕೆಲಸ ಮುಗಿಸಿತ್ತು.

ಜಗಲಿಯಲ್ಲಿದ್ದ ನಾಗಯ್ಯ ಎದ್ದು ಬಂದಿದ್ದರು. "ಮನೇಲೂ ಇಂಗೇ ಮಡಗ್ತೀಯಾ?" ಎಂದರು. ಮುದ್ದಮ್ಮ ತಲೆ ತಗ್ಗಿಸಿದರು.

"ಈಗ್ಲೂವಾ?"

"ಊ."

ಬೆಳಿಗ್ಗೆ ಸೊಪ್ಪು ಹೆಚ್ಚಲು ಹೆಂಡತಿ ಹಿತ್ತಿಲಿನಿಂದ ಈಳಿಗೆಮಣೆ ತರುವುದನ್ನು ನಾಗಯ್ಯ ಎಷ್ಟೋ ಸಲ ನೋಡಿದ್ದಾರೆ. ತೊಳೆದು ಒಣಗಲು ಇಟ್ಟಿರಬೇಕು ಅಂದುಕೊಂಡಿದ್ದರು. ಇಷ್ಟು ವರ್ಷ ಒಂದೇ ಸೂರಿನಡಿ ಹೆಂಡತಿ ತನಗೆ ಹೆದರಿಯೇ ಮಲಗುತ್ತಿದ್ದಳೆಂದು ಆ ಮನುಷ್ಯನಿಗೆ ಗೊತ್ತಾದದ್ದು ಸಿನಿಮಾ ಸೆಟ್ಟಿನಲ್ಲಿ, ಶೂಟಿಂಗ್ ನೋಡಲು ನೆರೆದಿದ್ದ ಊರವರ ಎದುರು. ಅವರ ಮುಖ ನೋಡಲಾಗುತ್ತಿರಲಿಲ್ಲ. ಅವತ್ತು ಸೈಕಲ್ ಏರದೆ, ತಳ್ಳಿಕೊಂಡೇ ಇಬ್ಬರೂ ಮನೆ ಸೇರಿದರು.

ಮರುದಿನ ದೀಪ ಹಚ್ಚುವ ಹೊತ್ತಿಗೆ ನಾಗಯ್ಯ ತಾವೇ ಈಳಿಗೆಮಣೆ ಎತ್ತಿ ಹೆಂಡತಿಯ ಕೈಗೆ ಕೊಟ್ಟರು. "ತಗ, ಮಡಗಿ ಬಾ. ನಿಂಗೆ ಸಾಕು ಅನ್ಸೋಗಂಟ ನಾನೇ ತಂದ್ಕೊಡ್ತೀನಿ." ಅಂದಿನಿಂದ ದಿನವೂ ಹಾಗೆಯೇ ನಡೆಯುತ್ತಿದೆ.

ಸಿನಿಮಾ ನಂಜನಗೂಡಿಗೆ ಬಂದಾಗ ಇಬ್ಬರೂ ಹೋಗಿ ನೋಡುತ್ತಾರಂತೆ. ತೆರೆಯ ಮೇಲೆ ಹೆಸರು ಬೇಡವೇ ಎಂದರೆ ಮುದ್ದಮ್ಮ ಪೊರಕೆ ಕೆಳಗಿಟ್ಟು ಯೋಚಿಸುತ್ತಾರೆ.

"ಎಸ್ರು ತಕಂಡು ಏನ್ ಮಾಡನ ಸಾ? ಒಂದಿನ ಸಂಜೇಲಿ ಈಳ್ಗೆಮಣೆ ಮಡಗೋದು ಮರ್ತೋಗ್ಬೇಕು. ಬೆಳಿಗ್ಗೆ ಎದ್ದು ನೋಡುದ್ರೆ ಮೂಲೇಲೇ ಇರ್ಬೇಕು."