ಮುದ್ದಯ್ಯನ ಕಾರಿನಲ್ಲೊಂದು ಸೀಟು

ನಾಲೆ ಏರಿಯ ಮೇಲೆ ಸೈಕಲ್ ತುಳಿದುಕೊಂಡು ಅರಕೆರೆಗೆ ಬರುವುದು, ಟೀ ಅಂಗಡಿಯ ಪಕ್ಕ ಅದನ್ನು ಒರಗಿಸಿ ಮೈಸೂರಿನ ಬಸ್ಸು ಹತ್ತುವುದು, ಸಂಜೆ ಅದೇ ದಾರಿಯಲ್ಲಿ ಮನೆಗೆ ಮರಳುವುದು. ಕಾರ್ಖಾನೆಯ ಫಿಟ್ಟರ್ ಚಿಕ್ಕಸ್ವಾಮಿಯ ಅರ್ಧ ಆಯಸ್ಸು ಹೀಗೇ ಕಳೆದಿತ್ತು. ಯಾರಾದರೂ ಗಾಡಿ ತೆಗೆದುಕೋ ಎಂದರೆ ರೇಗುತ್ತಿದ್ದ. "ಕಾಲ್ಗೆ ಸೈಕಲ್ಲೈತೆ, ಕುಂಡಿಗೆ ಬಸ್ಸೈತೆ. ಇನ್ನೇನ್ಲಾ ಬೇಕು ಮನ್ಸಂಗೆ?"

ಪಕ್ಕದ ಮನೆಯ ದಾಯಾದಿ ತಮ್ಮ ಕೆಂಪಣ್ಣನ ಮಗಳು ರಮ್ಯ ಪಿಯುಸಿ ಪಾಸಾದಾಗ, ಬೆಳೆದ ಹುಡುಗಿಯನ್ನು ಮೈಸೂರಿನ ಕಾಲೇಜಿಗೆ ಒಬ್ಬಳನ್ನೇ ಕಳಿಸಲು ಅಪ್ಪನಿಗೆ ಧೈರ್ಯ ಬರಲಿಲ್ಲ. "ಬಸ್ನಾಗೆ ನಾನಿರ್ತೀನಿ, ಕಳ್ಸ್ಲಾ," ಎಂದು ಚಿಕ್ಕಸ್ವಾಮಿ ಮಾತು ಕೊಟ್ಟ. ಆವತ್ತಿನಿಂದ ಸೈಕಲ್ಲಿನ ಕ್ಯಾರಿಯರ್ ಮೇಲೆ ರಮ್ಯ. ದಾರಿಯುದ್ದಕ್ಕೂ ಪಾಠ ಬಾಯಿಪಾಠ ಮಾಡುತ್ತಿದ್ದಳು. ಅವನಿಗೆ ಒಂದಕ್ಷರ ತಿಳಿಯದಿದ್ದರೂ, ನಮ್ಮನೆ ಹುಡುಗಿ ಮೇಷ್ಟ್ರಾಗುತ್ತಾಳೆ ಎಂದು ಹಿಗ್ಗಿ ಇನ್ನೂ ಜೋರಾಗಿ ತುಳಿಯುತ್ತಿದ್ದ.

ಡಿಗ್ರಿಯ ಕಡೇ ವರ್ಷ ಶುರುವಾಗುವ ಹೊತ್ತಿಗೆ ಚಿಕ್ಕಸ್ವಾಮಿಗೆ ಮಂಡಿನೋವು ಹಿಡಿಯಿತು. ಅದೇ ಕಾರ್ಖಾನೆಯ ಮುದ್ದಯ್ಯ ಆಗ ತಾನೇ ಒಂದು ಹಳೇ ಮಾರುತಿ ಕಾರು ಕೊಂಡು, ಜೊತೆ ಕೆಲಸಗಾರರನ್ನು ಕೂರಿಸಿಕೊಂಡು ಹೋಗುತ್ತಿದ್ದ. "ಮನೆ ಬಾಗ್ಲಿಗೇ ಬತ್ತೀನಿ ಕಣಣ್ಣ, ಸುಮ್ಕೆ ಬಂದು ಕುಂತ್ಕೊ," ಎಂದ. ಚಿಕ್ಕಸ್ವಾಮಿ ರಮ್ಯಳಿಗೂ ಒಂದು ಸೀಟು ಕೇಳಿಕೊಂಡೇ ಕೆಂಪಣ್ಣನ ಮನೆಗೆ ಹೋದ. ಕೆಂಪಣ್ಣ ಒಪ್ಪಲಿಲ್ಲ.

"ಬಸ್ಸಾದ್ರೆ ನೂರು ಕಣ್ಣಿರ್ತವೆ ಅಣ್ಣ. ಗಂಡಸ್ರೇ ತುಂಬಿರೋ ಕಾರ್ನಾಗೆ ನನ್ ಮಗಳು ಕುಂತ್ರೆ ಊರೋರ ಬಾಯಿ ಮುಚ್ಚಕಾಯ್ತದಾ?"

"ಅಂಗಾದ್ರೆ ಮಂಡಿ ವಾಸಿಯಾಗೋಗಂಟ ತಡ್ಕೊ. ಆಮ್ಯಾಕೆ ನಾನೇ ಕರ್ಕೊಂಡೋಯ್ತೀನಿ."

ಮಂಡಿ ಬೇಗನೇ ವಾಸಿಯಾಯಿತು. ವಾಸಿಯಾಗದೆ ಉಳಿದದ್ದು ಕಾರಿನ ರುಚಿ. ಬೆಳಗ್ಗೆ ಒಂದು ಗಳಿಗೆ ಹೆಚ್ಚು ಮಲಗಬಹುದು, ಮಳೆ ಬಂದರೆ ನೆನೆಯಬೇಕಿಲ್ಲ, ಹೆಂಡತಿ ಮಂಗಳಮ್ಮನಿಗೂ ಬಾಗಿಲಿಗೆ ಕಾರು ಬಂದು ನಿಲ್ಲುವುದೆಂದರೆ ಒಂದು ಗತ್ತು. ಸೋಮವಾರದಿಂದ ಬಸ್ಸಿಗೆ ಹೋಗೋಣ ಎಂದುಕೊಳ್ಳುತ್ತಿದ್ದ. ಸೋಮವಾರ ಬಂದರೆ ಇನ್ನೊಂದು ಸೋಮವಾರ. ನಾಳೆ ಎಂದವನ ಮನೆ ಹಾಳು ಅಂತಾರೆ. ಇಲ್ಲಿ ಹಾಳಾಗುತ್ತಿದ್ದದ್ದು ಪಕ್ಕದ ಮನೆ.

ಕಾರಿನ ಸದ್ದಾದರೆ ರಮ್ಯ ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು. ಮೊದಮೊದಲು ಅವಳ ಕೈಯಲ್ಲಿ ಪುಸ್ತಕವಿರುತ್ತಿತ್ತು, ಆಮೇಲಾಮೇಲೆ ಪೊರಕೆ. ಚಿಕ್ಕಸ್ವಾಮಿ ಕಂಡೂ ಕಾಣದವನಂತೆ ಆಚೆ ಕಿಟಕಿಗೆ ಮುಖ ತಿರುಗಿಸುತ್ತಿದ್ದ. ಕಾರ್ಖಾನೆಯಲ್ಲಿ ಮಧ್ಯಾಹ್ನದ ಬುತ್ತಿ ಬಿಚ್ಚಿದಾಗ ಆ ಹುಡುಗಿ ನೆನಪಾಗಿ ಅರ್ಧಕ್ಕೇ ಮುಚ್ಚಿಡುತ್ತಿದ್ದ.

ಕೊನೆಗೊಂದು ಸೋಮವಾರ ಮುದ್ದಯ್ಯನಿಗೆ ಬರಬೇಡವೆಂದು ಹೇಳಿ, ಸೈಕಲ್ಲಿಗೆ ಗಾಳಿ ಹೊಡೆದು ಕೆಂಪಣ್ಣನ ಮನೆ ಮುಂದೆ ನಿಂತ.

"ಎಲ್ಲಿ ಹುಡ್ಗಿ? ಕಾಲೇಜ್ಗೆ ಒರಡು ಅನ್ನು," ಎಂದ.

ಕೆಂಪಣ್ಣ ಜಗಲಿಯಿಂದ ಎದ್ದು ಬಂದ. "ನೆನ್ನೆ ಶೀಳನೆರೆಯಿಂದ ಗಂಡಿನೋರು ಬಂದು ಹುಡ್ಗೀನ ಒಪ್ಕೊಂಡೋದ್ರು ಅಣ್ಣ. ಸುಮ್ಕೆ ಮನೇಲಿ ಕುಂತಿದ್ಲಲ್ಲ, ಬಂದ ಸಂಬಂಧ ಯಾಕೆ ಬುಡ್ಲಿ?"

"ಪರೀಕ್ಸೆ ಮುಗಿಯೋಗಂಟ ತಡಿಯೋ. ದಿನಾ ನಾನೇ ಕರ್ಕೊಂಡೋಗಿ ಕರ್ಕೊಂಡ್ ಬತ್ತೀನಿ. ನಿನ್ ಕಾಲ್ಗೆ ಬೀಳ್ತೀನಿ ಕಣ್ಲಾ."

"ಮಾತು ಕೊಟ್ಟಿವ್ನಿ ಅಣ್ಣ. ಕೊಟ್ಮೇಲೆ ನಡೀಬೇಕಲ್ವಾ?" ಕೆಂಪಣ್ಣ ಕುಟುಕಬೇಕೆಂದು ಹೇಳಿದ್ದಲ್ಲ. ಆದರೂ ಚಿಕ್ಕಸ್ವಾಮಿಯ ಮುಖ ಕಪ್ಪಿಟ್ಟಿತು.

ರಮ್ಯ ಒಂದು ಚೊಂಬು ನೀರು ತಂದು ಜಗಲಿಯ ಮೇಲಿಟ್ಟಳು. "ಹೊತ್ತಾಯ್ತು ದೊಡ್ಡಪ್ಪ, ಬಸ್ಸು ಒಂಟೋಯ್ತದೆ. ಓಗಿ," ಎಂದವಳು ತಲೆಯೆತ್ತದೆ ಒಳಗೆ ಹೋದಳು.

ಬಸ್ಸು ಸಿಕ್ಕಿತು. ಹಳೇ ಪರಿಚಯದ ಕಂಡಕ್ಟರು ಟಿಕೆಟ್ ಹರಿಯುತ್ತಾ, "ಏನಣ್ಣ, ಒಬ್ನೇ? ಹುಡ್ಗಿ ಓದು ಮುಗೀತಾ?" ಎಂದು ಕೇಳಿದ.

"ನಾನೇ ಬುಡುಸ್ಬುಟ್ಟೆ ಕಣಪ್ಪ," ಎಂದ ಚಿಕ್ಕಸ್ವಾಮಿ, ತುಂಬಿದ ಬಸ್ಸಿನಲ್ಲಿ ಎಲ್ಲರೂ ನೋಡುತ್ತಿದ್ದಂತೆಯೇ ಅಳತೊಡಗಿದ.