ಬಟ್ಟೆ ಒಯ್ಯದೆ ಹೋದವರು

ನನ್ನ ಗೆಳತಿಯನ್ನು ಶಾಲೆಯಲ್ಲಿ ಎಲ್ಲರೂ ಚಿಂದಿ ಎಂದೇ ಕರೆಯುತ್ತಿದ್ದರು. ದರ್ಜಿಯ ಮಗಳು, ಫ್ರಾಕಿನ ತುಂಬ ದಾರದ ತುಂಡುಗಳು ಅಂಟಿಕೊಂಡಿರುತ್ತಿದ್ದವು. ತಾಯಿ ಇರಲಿಲ್ಲ. ಅಪ್ಪ ಒಳ್ಳೆಯವನೇ, ಆದರೆ ಬಾಯಲ್ಲಿ ಸದಾ ಗುಂಡುಸೂಜಿ ಕಚ್ಚಿಕೊಂಡಿರುತ್ತಿದ್ದ. ಹಾಗಾಗಿ ಮಗಳಿಗೆ ಸಿಗುತ್ತಿದ್ದದ್ದು ಒಂದು ಹೂಂ, ಇಲ್ಲವೇ ಒಂದು ಉಹೂಂ. ಆಟಕ್ಕೆ ಯಾರೂ ಕರೆಯುತ್ತಿರಲಿಲ್ಲ.

ಅವಳಿಗಿದ್ದ ಬಳಗವೆಂದರೆ ದೆವ್ವಗಳು.

ಬಟ್ಟೆ ಹೊಲಿಯಲು ಕೊಟ್ಟು, ಒಯ್ಯುವ ಮೊದಲೇ ತೀರಿಕೊಂಡವರು ಅವರು. ಅವರ ಬಟ್ಟೆಗಳು ಅಂಗಡಿಯ ಹಿಂದಿನ ಕೋಣೆಯಲ್ಲಿ ಹಗ್ಗದ ಮೇಲೆ ನೇತಾಡುತ್ತಿದ್ದವು. ಮಧ್ಯಾಹ್ನ ಅಪ್ಪ ಉಂಡು, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಅಡ್ಡಾದ ಕೂಡಲೇ ಒಂದೊಂದೇ ಬಟ್ಟೆ ಮೆಲ್ಲಗೆ ಉಬ್ಬಿಕೊಳ್ಳುತ್ತಿತ್ತು.

"ಪುಟ್ಟಿ, ಈ ಕೋಟು ಹೊಟ್ಟೆ ಹತ್ರ ದೊಗಳೆ," ಎನ್ನುತ್ತಿದ್ದ ಬ್ಯಾಂಡಿನಲ್ಲಿ ಕಹಳೆ ಊದುತ್ತಿದ್ದವನು.

"ನಿಂಗೀಗ ಹೊಟ್ಟೆ ಎಲ್ಲಿದೆ ಮಾಮ?"

"ಅದಕ್ಕೇ ಹೇಳಿದ್ದು."

ಹೂವಿನ ಅಂಗಿಯ ಅಜ್ಜಿ ಬಿಡುವವಳಲ್ಲ. "ಸತ್ತ ಮೇಲೂ ನಿಂದು ಅದೇ ರಾಗ. ಮೊದ್ಲು ನನ್ನ ತೋಳು ಸರಿ ಮಾಡ್ಲಿ ಮಗು."

ಅವರ ಜಗಳ ಬಿಡಿಸುತ್ತ, ಅಂಗಿ ಬಿಗಿ ಮಾಡುತ್ತ ಅವಳು ಚಿಕ್ಕಂದಿನಲ್ಲೇ ಹೊಲಿಗೆ ಕಲಿತಳು. ಮಗ್ಗಿ ಹೇಳಿಕೊಟ್ಟವಳೂ ಅಜ್ಜಿಯೇ, ಅರ್ಧಕ್ಕರ್ಧ ತಪ್ಪಾಗಿ.

ಒಂದು ದಿನ ಅಪ್ಪ ಬಾಯಿಂದ ಸೂಜಿಗಳನ್ನು ತೆಗೆದ. ಏನೋ ದೊಡ್ಡ ಮಾತೇ ಇರಬೇಕು ಎಂದುಕೊಂಡಳು.

"ಹೊಸ ಮಿಷನ್ ಬರ್ತಿದೆ, ಹಿಂದಿನ ಕೋಣೆ ಖಾಲಿ ಆಗ್ಬೇಕು. ಆ ಹಳೇ ಬಟ್ಟೆನೆಲ್ಲ ನಾಳೆ ಗುಜರಿಯವನಿಗೆ ಹಾಕ್ತೀನಿ."

"ಬೇಡಪ್ಪ. ಅವ್ರೆಲ್ಲ ಎಲ್ಲಿಗೆ ಹೋಗ್ಬೇಕು?"

"ಯಾರು?" ಎಂದವನು ಉತ್ತರಕ್ಕೂ ಕಾಯದೆ ಮತ್ತೆ ಸೂಜಿ ಕಚ್ಚಿಕೊಂಡ.

ಹಗ್ಗದ ಕೆಳಗೆ ಕೂತು ಬಿಕ್ಕುತ್ತಿದ್ದವಳ ತಲೆಯ ಮೇಲೆ ಖಾಲಿ ತೋಳೊಂದು ಇಳಿಯಿತು.

"ಅಳ್ಬೇಡ ಮಗಾ," ಎಂದಳು ಅಜ್ಜಿ. "ನಮ್ಗೇನು ಇಡೀ ಬಟ್ಟೆನೇ ಬೇಕಾ? ಒಬ್ಬೊಬ್ಬರದೂ ಒಂದು ಗುಂಡಿ ಬಿಚ್ಚಿ ನಿನ್ನ ಫ್ರಾಕಿಗೆ ಹೊಲ್ಕೋ. ಅಷ್ಟ್ರಲ್ಲೇ ಹೊಂದ್ಕೋತೀವಿ."

"ಅಜ್ಜಿ ಪಕ್ಕಕ್ಕೆ ಮಾತ್ರ ನನ್ನ ಹೊಲೀಬೇಡ," ಎಂದ ಬ್ಯಾಂಡಿನವನು.

ಮರುದಿನ ಅವಳು ಶಾಲೆಗೆ ಬಂದಾಗ ಎದೆಯ ಮೇಲೆ ಒಂದು ಹಿತ್ತಾಳೆ ಗುಂಡಿ, ಒಂದು ಚಿಪ್ಪಿನದು, ಒಂದು ಮರದ್ದು, ಇನ್ನೂ ಏನೇನೋ. ತರಗತಿಯೆಲ್ಲ ಬಿದ್ದು ಬಿದ್ದು ನಕ್ಕಿತು. ಪಕ್ಕದಲ್ಲಿದ್ದ ನನಗೆ ಆ ಹಿತ್ತಾಳೆಯ ಹೊಳಪಿನ ಮೇಲೆ ಕಣ್ಣು. ಬೆರಳಿನಿಂದ ಮುಟ್ಟಿದೆ.

"ಬಿಡಮ್ಮ, ಕಚಗುಳಿ ಆಗತ್ತೆ," ಎಂದು ಕಿವಿಯ ಹತ್ತಿರ ಗಂಡಸಿನ ದನಿ.

ನಾನು ಕಿಸಕ್ಕನೆ ನಕ್ಕೆ. ಅವಳು ನನ್ನನ್ನೇ ನೋಡಿದಳು. "ನಿಂಗೂ ಕೇಳಿಸ್ತಾ?"

ಅಂದು ಶಾಲೆ ಬಿಟ್ಟ ಮೇಲೆ ಅವಳ ಜೊತೆ ಅಂಗಡಿಗೆ ಹೋದವಳು ಇವತ್ತಿಗೂ ಹೋಗುತ್ತಲೇ ಇದ್ದೇನೆ. ಅಂಗಡಿ ಈಗ ಅವಳದು. ನಮ್ಮ ಮನೆಯವರು ಅಲ್ಲಿ ಒಂದು ಶರಟು ಹೊಲಿಯಲು ಕೊಟ್ಟಿದ್ದರು. ತರುವ ಮೊದಲೇ ಹೋಗಿಬಿಟ್ಟರು.

"ಶರಟು ತಗೊಂಡು ಹೋಗ್ತೀಯೇನೇ?" ಎಂದು ಕೇಳಿದಳು.

"ಬೇಡ ಕಣೇ. ಇಲ್ಲೇ ಇರ್ಲಿ."

ಮಧ್ಯಾಹ್ನ ಅಲ್ಲೇ ಸ್ಟೂಲಿನ ಮೇಲೆ ಕೂರುತ್ತೇನೆ. ಶರಟು ಮೆಲ್ಲಗೆ ಉಬ್ಬಿಕೊಳ್ಳುತ್ತದೆ.

"ಕಾಲರ್ ಬಿಗಿ," ಎನ್ನುತ್ತಾರೆ. ಬದುಕಿದ್ದಾಗಲೂ ಅದೇ ತಕರಾರು.

"ಸರಿ ಮಾಡಿಕೊಡೇ ಇವರಿಗೆ," ಎನ್ನುತ್ತೇನೆ.

ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡ ನನ್ನ ಗೆಳತಿ ಹೂಂ ಎನ್ನುತ್ತಾಳೆ.