ಮಗಳ ಅಳುವಿಗೆ ತಾಳ

ನ್ಯಾಮತಿ ಬಸ್ ನಿಲ್ದಾಣದ ಹೋಟೆಲಿನಲ್ಲಿ ಅವನು ನನ್ನ ಕಿವಿಗೆ ಹೆಡ್‌ಫೋನ್ ಇಟ್ಟ. ತೀರಿಹೋದ ನನ್ನ ಮಗಳು ಶಾಂತಿ ಅಳುತ್ತಿದ್ದಳು. ನಮ್ಮ ಲಂಬಾಣಿ ತಾಂಡಾದಲ್ಲಿ ಮದುಮಗಳು ತವರು ಬಿಡುವಾಗ ತಾಯಿಯನ್ನು ತಬ್ಬಿ ಹಾಡುತ್ತಾ ಅಳುತ್ತಾಳೆ. ಅವಳ ಮದುವೆಯಲ್ಲಿ ಅದನ್ನು ಟೇಪ್ ಮಾಡಿಕೊಂಡಿದ್ದವನು ಇವನೇ. ಈಗ ಕಂಪ್ಯೂಟರಿನಲ್ಲಿ ಸಂಗೀತ ಮಾಡಿ ಹೆಸರು ಗಳಿಸಿದ್ದಾನೆ; ತನ್ನ ಹಳೆಯ ಟೇಪುಗಳನ್ನೆಲ್ಲ ಹೊಸದು ಮಾಡುತ್ತಿದ್ದಾನಂತೆ. ‘ಯಾಡಿ’, ಅಂದರೆ ಅವ್ವ, ಎಂದು ಅವಳು ನನ್ನನ್ನು ಕರೆದದ್ದನ್ನೇ ತುಂಡರಿಸಿ, ಢಬಢಬ ಸದ್ದಿನ ಮೇಲೆ ಮತ್ತೆ ಮತ್ತೆ ತಿರುಗಿಸಿದ್ದ.

“ಇದಕ್ಕೆ ಜನ ಎದ್ದು ಕುಣೀತಾರೆ, ಅಜ್ಜಿ.”

“ಕುಣಿಯಾಕೆ ನನ್ನ ಮಗಳ ಅಳುವೇ ಬೇಕಿತ್ತಾ? ಬರೀ ಅವಳ ದನಿ ಐತಲ್ಲ, ಅದನ್ನ ಕೊಡು.”

“ಹಳೇ ಟೇಪು ಇಟ್ಕೊಂಡಿಲ್ಲ. ಈಗಿರೋದು ಇದೊಂದೇ.”

ಅದನ್ನೇ ಮೊಬೈಲಿಗೆ ಹಾಕಿಸಿಕೊಂಡು ಬಂದೆ. ಮಗಳ ದನಿ ಬೇಕೆನಿಸಿದಾಗಲೆಲ್ಲ ಅವನ ಸದ್ದನ್ನೂ ಸಹಿಸಬೇಕು. ಬೈಯುತ್ತಲೇ ಕೇಳುತ್ತೇನೆ.